ಮಾರಿಕಣಿವೆಯಲ್ಲಿ ಡೇರೆ ಹಾಕುವವರಿಗೆ ಒಂದಿಷ್ಟು ಇತಿಹಾಸ

ಬೈಕಿನಲ್ಲಿ ದೂರ ಹೋಗುವವರು ನಾಲ್ಕು ಜನ ಸೇರಿದರೆ ಎರಡು ಚರ್ಚೆಗಳು ಮುಗಿಯುವುದೇ ಇಲ್ಲ. ಒಂದು, ಯಾವ ಟೆಂಟ್ ಕೊಳ್ಳಬೇಕು ಎನ್ನುವುದು. ಇನ್ನೊಂದು, ದಾರಿಗೆ ಯಾವುದನ್ನು ನಂಬಬೇಕು ಎನ್ನುವುದು: ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನನ್ನೋ, ಪ್ರತ್ಯೇಕ ಜಿಪಿಎಸ್ ಸಾಧನವನ್ನೋ, ಕಾಗದದ ನಕ್ಷೆಯನ್ನೋ. ನನ್ನ ಪಿಎಚ್.ಡಿ. ಅಧ್ಯಯನ ವೇದಾವತಿ ಕಣಿವೆಯ ನೀರಾವರಿ ಚರಿತ್ರೆಗೆ ಸಂಬಂಧಿಸಿದ್ದು. ಕ್ಷೇತ್ರಕಾರ್ಯಕ್ಕೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳನ್ನು ಬೈಕಿನಲ್ಲೇ ಸುತ್ತುವುದರಿಂದ ಈ ಎರಡೂ ಪ್ರಶ್ನೆಗಳು ನನಗೆ ಹವ್ಯಾಸದವಲ್ಲ, ಕೆಲಸದವು. ಹಳೆಯ ದಾಖಲೆಗಳನ್ನು ಓದುತ್ತ ಹೋದಂತೆ ಇವು ಹೊಸ ಪ್ರಶ್ನೆಗಳೂ ಅಲ್ಲ ಎನ್ನುವುದು ತಿಳಿಯಿತು. ಈ ಸೀಮೆಯನ್ನು ಮೊದಲು ಅಳೆದು ಬರೆದವರು ಡೇರೆಯಲ್ಲೇ ಮಲಗಿ ಎದ್ದವರು.

ಅದಕ್ಕೂ ಮುಂಚೆ ಒಂದು ಮಾತು. ಚಿತ್ರದುರ್ಗದವರಿಗೆ ಡೇರೆಯ ನೆನಪು ಭಾಷೆಯಲ್ಲೇ ಇದೆ. ಪಾಳೆಯ ಎಂದರೆ ದಂಡು ಬೀಡುಬಿಟ್ಟ ಜಾಗ. ಅದರ ಒಡೆಯ ಪಾಳೆಯಗಾರ. ಏಳು ಸುತ್ತಿನ ಕಲ್ಲಿನ ಕೋಟೆ ಕಟ್ಟಿಕೊಂಡ ನಾಯಕರನ್ನೂ ನಾವು ಡೇರೆಗೆ ಸಂಬಂಧಿಸಿದ ಹೆಸರಿನಿಂದಲೇ ಕರೆಯುತ್ತೇವೆ. 1779ರಲ್ಲಿ ಹೈದರಾಲಿ ಆ ಕೋಟೆಯನ್ನು ಹಿಡಿದ. ಇಪ್ಪತ್ತು ವರ್ಷ ಕಳೆದು 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಈ ನೆಲಕ್ಕೆ ಬೇರೊಂದು ಬಗೆಯ ಡೇರೆಗಳು ಬಂದವು. ಅವು ಯುದ್ಧ ಮಾಡಲು ಬಂದವಲ್ಲ, ಗೆದ್ದದ್ದೇನು ಎಂದು ತಿಳಿಯಲು ಬಂದವು.

1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಮೈಸೂರು, ಮಲಬಾರ್, ಕೆನರಾಗಳನ್ನು ಸುತ್ತಿ, 1801ರಲ್ಲಿ ಇಕ್ಕೇರಿ ಸೀಮೆಯಿಂದ ಚಿತ್ರದುರ್ಗದ ಮೇಲೆ ಹಿರಿಯೂರಿಗೆ ಬಂದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನ ದಿನಚರಿಯ ರೂಪದ್ದು. ಇಂದು ಇಷ್ಟು ಹರಿದಾರಿ ನಡೆದು ಇಂಥ ಊರು ತಲುಪಿದೆ, ಅಲ್ಲಿನ ಮಣ್ಣು ಹೀಗೆ, ಬೆಳೆ ಹೀಗೆ, ಕಬ್ಬಿಣ ಕರಗಿಸುವ ಕ್ರಮ ಹೀಗೆ. ಹರಿದಾರಿ ಎಂದರೆ ಸುಮಾರು ಮೂರು ಮೈಲಿ. ದಿನಕ್ಕೆ ಕೆಲವೇ ಹರಿದಾರಿ ಸಾಗುವವನಿಗೆ ಸಂಜೆ ಊರಿನವರನ್ನು ಕೂರಿಸಿಕೊಂಡು ಕೇಳಲು ಸಮಯವಿರುತ್ತದೆ. ಬುಕಾನನ್ನನ ಪುಸ್ತಕದ ಬೆಲೆ ಇರುವುದು ಆ ನಿಧಾನದಲ್ಲಿ. ಬೆಂಗಳೂರಿನಿಂದ ಹಿರಿಯೂರಿನ 160 ಕಿಲೋಮೀಟರನ್ನು ಹೆದ್ದಾರಿ 48ರಲ್ಲಿ ಮೂರು ತಾಸಿನಲ್ಲಿ ಮುಗಿಸುವ ನಮಗೆ ಆ ಸಂಜೆಗಳು ಸಿಗುವುದಿಲ್ಲ.

ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಮೈಸೂರು ಸರ್ವೆ ನಡೆಯಿತು. ಸುಮಾರು 40,000 ಚದರ ಮೈಲಿಯ ಆ ಕೆಲಸದಲ್ಲಿ ಚಿತ್ರದುರ್ಗದ ಸೀಮೆಯೂ ಇತ್ತು. ಬೆಟ್ಟದ ತಲೆಯ ಮೇಲೆ ಬಾವುಟ ನೆಟ್ಟು, ಒಂದು ಬೆಟ್ಟದಿಂದ ಇನ್ನೆರಡಕ್ಕೆ ಕೋನ ಅಳೆದು, ತ್ರಿಕೋನದ ಮೇಲೆ ತ್ರಿಕೋನ ಹೆಣೆಯುವುದು ಒಂದು ವಿಧಾನ. ದಾರಿಗಳನ್ನು ಅಳೆಯಲು ಪೆರಾಂಬ್ಯುಲೇಟರ್ ಎಂಬ ಗಾಲಿ. ಆಳೊಬ್ಬ ಅದನ್ನು ತಳ್ಳಿಕೊಂಡು ನಡೆದರೆ ಸುತ್ತುಗಳ ಲೆಕ್ಕದಿಂದ ದೂರ ಸಿಗುತ್ತಿತ್ತು. ನಮ್ಮ ಬೈಕಿನ ಓಡೋಮೀಟರ್ ಅದರ ಮೊಮ್ಮಗ. ಅದರ ದೋಷವೂ ಇದಕ್ಕೆ ಬಂದಿದೆ. ಏರುಪೇರಿನ, ತಿರುವಿನ ದಾರಿಯಲ್ಲಿ ಗಾಲಿ ತಾನು ಉರುಳಿದ್ದನ್ನು ಹೇಳುತ್ತದೆಯೇ ಹೊರತು ಎರಡು ಊರುಗಳ ನಡುವಿನ ನೇರ ಅಂತರವನ್ನಲ್ಲ. ಅದನ್ನು ತಿದ್ದುವುದಕ್ಕೇ ತ್ರಿಕೋನಗಳು ಬೇಕಾಗುತ್ತಿದ್ದವು. ಇಂದು ಆ ತ್ರಿಕೋನದ ಕೆಲಸವನ್ನು ಉಪಗ್ರಹಗಳು ಮಾಡುತ್ತಿವೆ. 2000ದ ಮೇ 2ರಂದು ಅಮೆರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುವುದನ್ನು ನಿಲ್ಲಿಸಿದ ಮೇಲೆ ಆ ನಿಖರತೆ ನಮ್ಮ ಜೇಬಿಗೂ ಬಂತು.

ಆದರೆ ಮೆಕೆಂಜಿಯ ತಂಡದ ಮೂರನೆಯ ಸಾಧನವೊಂದು ನಮ್ಮ ಪಟ್ಟಿಯಲ್ಲಿಲ್ಲ. ಅದು ಮನುಷ್ಯರು. ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮತ್ತು ಅವರಂಥ ಸಹಾಯಕರು ಊರೂರು ಅಲೆದು ಶಾಸನಗಳನ್ನು ಪ್ರತಿಮಾಡಿದರು, ಹಿರಿಯರ ಬಾಯಿಂದ ಊರಿನ ಪೂರ್ವೋತ್ತರ ಬರೆಸಿಕೊಂಡರು. ಕೈಫಿಯತ್ತುಗಳು ಹುಟ್ಟಿದ್ದು ಹೀಗೆ. ಮುಂದೆ ಎಂ.ಎಂ. ಕಲಬುರ್ಗಿಯವರು ಅವನ್ನು ಸಂಪಾದಿಸಿ ಕನ್ನಡ ಓದುಗರಿಗೆ ಒದಗಿಸಿದರು. ನಕ್ಷೆಯ ಗೆರೆಗೆ ಪಕ್ಕದಲ್ಲಿ ಊರಿನ ಮಾತೂ ಇರಬೇಕೆಂದು ಆ ಸರ್ವೆ ತಿಳಿದಿತ್ತು. ಹಾಗೆಂದು ಅದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಅಧಿಕಾರಿಯ ಡೇರೆ, ಪೆಟ್ಟಿಗೆ, ಉಪಕರಣಗಳನ್ನು ಹೊತ್ತವರು ಎತ್ತುಗಳು ಮತ್ತು ಆಳುಗಳು. ದೊರೆಯ ಬಿಡಾರ ಊರಿಗೆ ಬಂದರೆ ಬಿಟ್ಟಿ ಚಾಕರಿ ಯಾರ ಪಾಲಿಗೆ ಬೀಳುತ್ತಿತ್ತು ಎನ್ನುವುದನ್ನು ಹಳ್ಳಿಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಾಲಿ ತಳ್ಳಿದವನ ಹೆಸರು ಯಾವ ನಕ್ಷೆಯ ಮೂಲೆಯಲ್ಲೂ ಇಲ್ಲ.

ಈಗ ಮಾರಿಕಣಿವೆಗೆ ಬರೋಣ. ಬಾಬಾಬುಡನ್ ಗಿರಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಸೇರಿ ವೇದಾವತಿಯಾಗಿ, ಪೂರ್ವಕ್ಕೆ ಹರಿದು, ಹಿರಿಯೂರಿನ ಪಶ್ಚಿಮದಲ್ಲಿ ಎರಡು ಗುಡ್ಡಗಳ ಸಂದಿಯಿಂದ ಬಯಲಿಗೆ ಇಳಿಯುವ ಜಾಗ ಇದು. ಕಣಿವೆ ಮಾರಮ್ಮ ಇಲ್ಲಿನ ದೇವತೆ. 1898ರಲ್ಲಿ ಅಣೆಕಟ್ಟಿನ ಕೆಲಸ ಶುರುವಾಗಿ 1907ಕ್ಕೆ ಮುಗಿಯಿತು. ಕೆಲಸ ಶುರುವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು. ಸಾಮರ್ಥ್ಯ 30 ಟಿಎಂಸಿ ಅಡಿ, ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ.

ಈ 89 ವರ್ಷಗಳೇ ನನ್ನ ಮಾತಿನ ತಿರುಳು. ಗುಡ್ಡದ ಮೇಲಿನಿಂದ ನೋಡಿದರೆ ಹಿನ್ನೀರು ಭಾರತದ ನಕ್ಷೆಯಂತೆ ಕಾಣುತ್ತದೆ ಎಂದು ಪ್ರವಾಸಿಗರು ಹೇಳುತ್ತಾರೆ. ಹಾಗೆ ಕಾಣುವುದೂ ನೀರು ಎಷ್ಟಿದೆ ಎನ್ನುವುದರ ಮೇಲೆ. ನಕ್ಷೆಯಲ್ಲಿ ಕೆರೆಯ ಅಂಚು ಒಂದೇ ನೀಲಿ ಗೆರೆ. ನೆಲದ ಮೇಲೆ ಅದು ಪ್ರತಿ ವರ್ಷ ಬೇರೆ ಕಡೆ ಇರುತ್ತದೆ. ಇಷ್ಟು ದೀರ್ಘಕಾಲ ತುಂಬದ ಕೆರೆಯ ಅಂಚಿನಲ್ಲಿ ಜನ ಸುಮ್ಮನೆ ಕೂರುವುದಿಲ್ಲ. ಹೊಸದುರ್ಗದ ಕಡೆ ಹಿನ್ನೀರಿನ ಪಕ್ಕ ಉಳುಮೆ ನಡೆಯಿತು, ತೋಟ ಎದ್ದಿತು, ದಾರಿ ಬಿದ್ದಿತು. 2022ರಲ್ಲಿ ಕೆಳಗೆ ಹಿರಿಯೂರಿನಲ್ಲಿ ಬಾಗಿನದ ಸಂಭ್ರಮ ನಡೆದಾಗ ಮೇಲೆ ತೋಟಗಳಿಗೂ ರಸ್ತೆಗಳಿಗೂ ನೀರು ನುಗ್ಗಿತ್ತು. ಹಿನ್ನೀರಿನ ಹಳ್ಳಿಯೊಂದರಲ್ಲಿ ರೈತರೊಬ್ಬರು ನನಗೆ ನೀರಿನಲ್ಲಿ ನಿಂತ ಬೋಳು ತೆಂಗಿನ ಮರಗಳನ್ನು ಎಣಿಸಿ ತೋರಿಸಿದರು. ನನ್ನ ಫೋನಿನ ನಕ್ಷೆಯಲ್ಲಿ ಆ ಜಾಗ ಮೊದಲಿನಿಂದಲೂ ನೀಲಿಯೇ. ನಕ್ಷೆಯ ಪ್ರಕಾರ ಅಲ್ಲಿ ತೋಟವೇ ಇರಲಿಲ್ಲ, ಆದ್ದರಿಂದ ಮುಳುಗಿದ್ದೂ ಏನಿಲ್ಲ.

ಡೇರೆ ಹಾಕುವವರಿಗೆ ಇದರಲ್ಲಿ ನೇರವಾದ ಪಾಠವಿದೆ. ಹಿರಿಯೂರು ರಾಜ್ಯದ ಒಣ ತಾಲ್ಲೂಕುಗಳಲ್ಲಿ ಒಂದು. ಆಕಾಶ ತಿಳಿಯಾಗಿದೆ, ಮಳೆಯ ಮುನ್ಸೂಚನೆ ಇಲ್ಲ ಎಂದು ನೀರಂಚಿನ ಮೆತ್ತನೆಯ ನೆಲದಲ್ಲಿ ಗೂಟ ಹೊಡೆಯಬೇಕೆನಿಸುತ್ತದೆ. ಆದರೆ ಇಲ್ಲಿಗೆ ನೀರು ಬರುವುದು ಚಿಕ್ಕಮಗಳೂರಿನ ಮಳೆಯಿಂದ. ಈಗ ಭದ್ರಾ ಮೇಲ್ದಂಡೆ ಯೋಜನೆಯಿಂದ ಪಂಪು ಮಾಡಿದ ನೀರೂ ಬರುತ್ತದೆ. 2025ರಲ್ಲಿ ಮತ್ತೆ ಕೋಡಿ ಬಿದ್ದದ್ದು ಜನವರಿ ತಿಂಗಳಲ್ಲಿ, ಸುತ್ತ ರಾಗಿ ಕಣ ಮಾಡುವ ಹೊತ್ತಿನಲ್ಲಿ. ಆದ್ದರಿಂದ ನೀರಂಚು ಬಿಟ್ಟು ಎತ್ತರದ ನೆಲ ಹುಡುಕಬೇಕು. ಸುತ್ತ ಮೀಸಲು ಅರಣ್ಯವಿದೆ, ಅಣೆಕಟ್ಟಿನ ಕಾವಲು ಪ್ರದೇಶವಿದೆ. ಅನುಮತಿಯಿಲ್ಲದೆ ಅಲ್ಲಿ ಉಳಿಯುವಂತಿಲ್ಲ. ಉಳಿದದ್ದು ಪಟ್ಟಾ ಜಮೀನು, ಅಲ್ಲಿ ಒಡೆಯರನ್ನು ಕೇಳಬೇಕು.

ಇನ್ನು ಸಾಮಾನಿನ ಮಾತು. ಈ ನೆಲ ಗರಸು ಮಣ್ಣು, ಬಂಡೆ, ಅಲ್ಲಲ್ಲಿ ಎರೆ. ತೆಳ್ಳನೆಯ ಗೂಟ ಬಾಗುತ್ತದೆ. ಆದ್ದರಿಂದ ಗೂಟವಿಲ್ಲದೆಯೂ ನಿಲ್ಲುವ ಗುಮ್ಮಟದ ಆಕಾರದ, ಎರಡು ಪದರದ ಟೆಂಟ್ ಒಳ್ಳೆಯದು. ಒಳಪದರ ಜಾಲರಿಯಾಗಿದ್ದರೆ ಬೇಸಗೆಯಲ್ಲಿ ಉಸಿರಾಡಬಹುದು. ಎರಡರಿಂದ ಎರಡೂವರೆ ಕಿಲೋ ತೂಕ ಬೈಕಿಗೆ ಭಾರವಲ್ಲ. ತೂಕಕ್ಕಿಂತ ಮುಖ್ಯ ಮಡಿಸಿದ ಕಡ್ಡಿಯ ಉದ್ದ. ಅಗ್ಗದ ಫೈಬರ್ ಕಡ್ಡಿಗಳು ಪಕ್ಕದ ಚೀಲದಿಂದ ಹೊರಗೆ ಚಾಚುತ್ತವೆ, ಸಣ್ಣ ತುಂಡುಗಳಾಗಿ ಮಡಚುವ ಅಲ್ಯೂಮಿನಿಯಂ ಕಡ್ಡಿಗಳು ಒಳಗೆ ಕೂರುತ್ತವೆ. ಬಳ್ಳಾರಿ ಜಾಲಿಯ ಮುಳ್ಳಿಗೆ ಟೆಂಟಿನ ತಳ ತಡೆಯದು, ಕೆಳಗೆ ದಪ್ಪ ಹಾಸು ಬೇಕೇ ಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದಕ್ಕೆ ಕಾರಣವಿದೆ. ಮುಂಗಾರಿನಲ್ಲಿ ಪಡುವಣ ಗಾಳಿಗೆ ಬಾಗಿಲು ಬೆನ್ನು ಹಾಕಿರಲಿ, ಹಗ್ಗಗಳನ್ನು ಕಲ್ಲಿಗೆ ಬಿಗಿಯಿರಿ. ಎರೆ ಹಸಿಯಾದರೆ ಬೈಕಿನ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲು ಇಡಿ.

ದಾರಿಗೆ ಫೋನೇ ಸಾಕು, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ. ಆದರೆ ಎಂಜಿನ್ನಿನ ನಡುಕ ಫೋನಿನ ಕ್ಯಾಮೆರಾವನ್ನು ಕೆಡಿಸಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ನಡುಕ ತಡೆಯುವ ಹಿಡಿಕೆ ಇರಲಿ. ಜೊತೆಗೆ ಸರ್ವೆ ಆಫ್ ಇಂಡಿಯಾದ 1:50,000 ಹಾಳೆ. 2017ರಲ್ಲಿ ಇವುಗಳನ್ನು ಭಾರತೀಯರು ಉಚಿತವಾಗಿ ಪಡೆಯುವ ಜಾಲತಾಣ ಶುರುವಾಯಿತು, ಅದರ ಹೆಸರೇ ನಕ್ಷೆ. ಫೋನಿನ ನಕ್ಷೆ ಸಾಮಾನ್ಯವಾಗಿ ತೋರಿಸದ ಸಮೋನ್ನತ ರೇಖೆಗಳು ಆ ಹಾಳೆಯಲ್ಲಿವೆ. ನೀರು ಏರಿದರೆ ಯಾವ ಕಡೆಗೆ ಬಂದೀತು ಎಂದು ಸ್ಥೂಲವಾಗಿ ಅಂದಾಜಿಸಲು ಅವು ಆಧಾರ.

ಇವೆಲ್ಲ ಇದ್ದರೂ ಒಂದು ಕೊರತೆ ಉಳಿಯುತ್ತದೆ. ಈ ಬಯಲಿನ ಕುರಿಗಾಹಿಗೆ ಹುಣಸೆ ಬೀಜದ ಗಂಜಿ ಕುಡಿಸಿದ ಕಂಬಳಿಯೇ ಹಾಸಿಗೆ, ಕೊಪ್ಪೆ ಹಾಕಿಕೊಂಡರೆ ಅದೇ ಡೇರೆ. ಅಷ್ಟು ಕಡಿಮೆ ಸಾಮಾನಿನಲ್ಲಿ ಅವನು ರಾತ್ರಿ ಕಳೆಯಬಲ್ಲ, ಏಕೆಂದರೆ ಯಾವ ದಿಬ್ಬ ಗಾಳಿ ತಡೆಯುತ್ತದೆ, ಯಾವ ಹಳ್ಳ ಯಾವಾಗ ಬರುತ್ತದೆ ಎನ್ನುವುದು ಅವನಿಗೆ ಗೊತ್ತು. ನಮ್ಮ ಸಾಮಾನು ಅವನಿಗಿಂತ ಹೆಚ್ಚು, ತಿಳಿವಳಿಕೆ ಅವನಿಗಿಂತ ಕಡಿಮೆ. ಮೆಕೆಂಜಿಯ ಜನ ಊರಿನವರನ್ನು ಕೇಳಿದ್ದು ಆಳುವವರಿಗಾಗಿ. ನಾವು ಕೇಳಬೇಕಾದದ್ದು ಬೇರೆ ಕಾರಣಕ್ಕೆ, ಬೇರೆ ರೀತಿಯಲ್ಲಿ. ಗೂಟ ಹೊಡೆಯುವ ಮೊದಲು ನಾನು ಹತ್ತಿರದ ಮನೆಗೆ ಹೋಗಿ ಎರಡು ವಿಷಯ ಕೇಳುತ್ತೇನೆ. ಹೋದ ಸಲ ನೀರು ಎಲ್ಲಿಯವರೆಗೆ ಬಂದಿತ್ತು? ಅದಕ್ಕೂ ಮುಂಚೆ ಇಲ್ಲಿ ಏನು ಬೆಳೆಯುತ್ತಿದ್ದಿರಿ? ಮೊದಲನೆಯದಕ್ಕೆ ಉತ್ತರ ಕೈ ಚಾಚಿದಷ್ಟರಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ಸಾಮಾನ್ಯವಾಗಿ ಕಾಫಿ ಬರುತ್ತದೆ, ಕೂರಲು ಜಾಗ ಕೊಡುತ್ತಾರೆ, ಕತ್ತಲಾಗುವವರೆಗೆ ಮಾತು ನಡೆಯುತ್ತದೆ.