ಸರ್ಪಗಂಧಿ: ಬೇರಿನಿಂದ ಗುಳಿಗೆಯವರೆಗೆ

ಸರ್ಪಗಂಧಿಯನ್ನು ನೀವು ನೋಡಿರುವಿರಾ? ಪಶ್ಚಿಮ ಘಟ್ಟದ ಕಾಡುಗಳ ನೆರಳಿನಲ್ಲಿ ಮೊಣಕಾಲೆತ್ತರಕ್ಕೆ ಬೆಳೆಯುವ ಪುಟ್ಟ ಗಿಡವಿದು. ಬಿಳಿ ಹೂಗಳಿಗೆ ಕೆಂಪು ತೊಟ್ಟು. ಹಣ್ಣು ಮಾಗಿದಾಗ ಕಪ್ಪು. ಸೂತ್ರನಾಭಿ ಎಂಬ ಹೆಸರೂ ಇದಕ್ಕುಂಟು. ಸಸ್ಯವಿಜ್ಞಾನಿಗಳಿಗೆ ಇದು ರಾವೋಲ್ಫಿಯ ಸರ್ಪೆಂಟೈನ.

ಇದರ ಔಷಧ ಗುಣವಿರುವುದು ಬೇರಿನಲ್ಲಿ. ಬಿಹಾರದ ಜನ ಇದನ್ನು ‘ಪಾಗಲ್ ಕಿ ದವಾ’, ಅಂದರೆ ಹುಚ್ಚಿನ ಮದ್ದು ಎಂದೇ ಕರೆಯುತ್ತಿದ್ದರು. ಈ ನಂಬಿಕೆಯಲ್ಲಿ ಹುರುಳಿದೆಯೇ? 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಎಂಬ ವೈದ್ಯರು, ಬೇರು ಮನೋವಿಕಾರವನ್ನು ಶಮನಗೊಳಿಸುವುದಲ್ಲದೆ ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ವರದಿ ಮಾಡಿದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಸಹೋದ್ಯೋಗಿ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದರು. ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿಗಾಗಿ ಅಜ್ಮಲೀನ್ ಎಂದು ಹೆಸರಿಟ್ಟರು.

ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ತಮ್ಮ ರೋಗಿಗಳ ಫಲಿತಾಂಶ ಪ್ರಕಟಿಸಿದಾಗ ಪಶ್ಚಿಮ ದೇಶಗಳ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಮುಖ್ಯ ಸಂಯುಕ್ತವಾದ ರಿಸರ್ಪಿನ್ ಅನ್ನು ಶುದ್ಧ ರೂಪದಲ್ಲಿ ಪಡೆದರು. 1956ರಲ್ಲಿ ವುಡ್‌ವರ್ಡ್ ತಂಡ ಅದನ್ನು ಪ್ರಯೋಗಾಲಯದಲ್ಲೇ ಸಂಶ್ಲೇಷಿಸಿತು.

ರಿಸರ್ಪಿನ್ ಹೇಗೆ ಕೆಲಸ ಮಾಡುತ್ತದೆ? ನರತುದಿಗಳ ಸೂಕ್ಷ್ಮ ಚೀಲಗಳಲ್ಲಿ ನಾರ್‌ಅಡ್ರಿನಲಿನ್, ಸಿರೊಟೋನಿನ್ ಮುಂತಾದ ಸಂದೇಶವಾಹಕಗಳು ಶೇಖರವಾಗಿರುತ್ತವೆ. ರಿಸರ್ಪಿನ್ ಈ ಚೀಲಗಳು ತುಂಬಿಕೊಳ್ಳದಂತೆ ತಡೆಯುತ್ತದೆ. ನಾರ್‌ಅಡ್ರಿನಲಿನ್ ಬರಿದಾದಾಗ ರಕ್ತನಾಳಗಳು ಸಡಿಲಗೊಂಡು ಒತ್ತಡ ತಗ್ಗುತ್ತದೆ. ಮಿದುಳಿನಲ್ಲಿಯೂ ಇದೇ ನಡೆಯುವುದರಿಂದ ಉದ್ವೇಗ ಅಡಗುತ್ತದೆ. ಆದರೆ ಈ ಔಷಧ ಸೇವಿಸಿದ ಕೆಲವರಲ್ಲಿ ತೀವ್ರ ಖಿನ್ನತೆ ಕಂಡುಬಂದಿತು. ಈ ಅನುಭವವೇ, ಖಿನ್ನತೆಗೂ ಮಿದುಳಿನ ರಾಸಾಯನಿಕಗಳಿಗೂ ಸಂಬಂಧವಿದೆಯೆಂಬ ವಾದಕ್ಕೆ ಒಂದು ಆಧಾರವಾಯಿತು. ಹೆಚ್ಚು ಸುರಕ್ಷಿತ ಔಷಧಗಳು ಬಂದಂತೆ ರಿಸರ್ಪಿನ್ ಬಳಕೆ ಕುಗ್ಗಿತು.

ಇಲ್ಲಿ ಗಮನಿಸಿ: ಗುಣ ಮತ್ತು ದೋಷ ಎರಡಕ್ಕೂ ಕಾರಣ ಒಂದೇ ಅಣು. ರಿಸರ್ಪಿನ್‌ನ ದಿನದ ಪ್ರಮಾಣ ಮಿಲಿಗ್ರಾಮಿನ ಒಂದು ಭಾಗ ಮಾತ್ರ. ಬೇರಿನಲ್ಲಿ ಅದು ಎಷ್ಟಿದೆಯೆಂಬುದು ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ಆದ್ದರಿಂದ ‘ಗಿಡಮೂಲಿಕೆ ತಾನೇ’ ಎಂದು ಬೇರನ್ನು ತೇಯ್ದು ಕುಡಿಯುವುದು ಅಪಾಯಕರ.

ಬೇರು ಬೇಕೆಂದರೆ ಇಡೀ ಗಿಡವನ್ನೇ ಕೀಳಬೇಕು. ಬೀಜ ಮೊಳೆಯುವುದೂ ಕಡಿಮೆ. ಔಷಧವೆಂಬ ಖ್ಯಾತಿಯೇ ಗಿಡಕ್ಕೆ ಕುತ್ತಾಯಿತು. 1990ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದಲ್ಲಿದೆ. ಸರ್ಪಗಂಧಿ ಬೇರಿನ ತುಂಡುಗಳಿಂದಲೂ ಬೆಳೆಯುತ್ತದೆ. ಆದ್ದರಿಂದ ಬೇಡಿಕೆಯನ್ನು ಕಾಡಿನಿಂದಲ್ಲ, ಹೊಲದಿಂದ ಪೂರೈಸುವುದೇ ಸರಿಯಾದ ಮಾರ್ಗ.