ಉಪ್ಪು, ಗಳಗಂಡ ಮತ್ತು ಬುದ್ಧಿ

ಮನುಷ್ಯನ ಬುದ್ಧಿಶಕ್ತಿಯ ಏರಿಳಿತಗಳನ್ನು ನಾವು ಸಾಮಾನ್ಯವಾಗಿ ವಿಧಿಗೋ ವಂಶಕ್ಕೋ ಒಪ್ಪಿಸಿ ಸುಮ್ಮನಾಗುತ್ತೇವೆ. ಮಗು ಮಂದಮತಿಯಾದರೆ ಹಣೆಬರಹವೆನ್ನುತ್ತೇವೆ. ನಡುವಯಸ್ಸಿನ ಗೃಹಿಣಿಗೆ ಮರೆವೂ ಆಲಸ್ಯವೂ ಹೆಚ್ಚಿದರೆ ಮೈಗಳ್ಳತನವೆನ್ನುತ್ತೇವೆ. ಹಿರಿಯರು ಮಂಕಾದರೆ ಅರವತ್ತರ ಅರಳುಮರಳೆಂಬ ಗಾದೆ ಸಿದ್ಧವಾಗಿಯೇ ಇದೆ. ಈ ಮೂರು ತೀರ್ಪುಗಳೂ ಕೆಲವೊಮ್ಮೆ ಅನ್ಯಾಯದ ತೀರ್ಪುಗಳಾಗಿರುತ್ತವೆ. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಾಕಾರದಲ್ಲಿ ಕುಳಿತಿರುವ, ಸುಮಾರು 20 ಗ್ರಾಂ ತೂಗುವ ಥೈರಾಯಿಡ್ ಗ್ರಂಥಿ ತನ್ನ ಕೆಲಸದಲ್ಲಿ ಹಿಂದೆ ಬಿದ್ದಾಗಲೂ ಇವೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಈ ಸಂಗತಿಯನ್ನು ಮಾನವಕುಲ ಹೇಗೆ ಅರಿತುಕೊಂಡಿತೆಂಬುದೇ ಇಂದಿನ ನನ್ನ ಭಾಷಣದ ವಿಷಯ. ನಾನು ವೈದ್ಯನಲ್ಲ, ಚರಿತ್ರೆಯ ವಿದ್ಯಾರ್ಥಿ.

ಈ ಚರಿತ್ರೆಯನ್ನು ಸೂರಗೊಂಡನಕೊಪ್ಪದಿಂದ ಆರಂಭಿಸುವುದು ಉಚಿತವೆಂದು ನನಗೆ ತೋರುತ್ತದೆ. ಹಿಂದೆ ಹೊನ್ನಾಳಿಗೆ ಸೇರಿ, ಈಗ ನ್ಯಾಮತಿ ತಾಲ್ಲೂಕಿನಲ್ಲಿರುವ ಈ ಊರು ಸಂತ ಸೇವಾಲಾಲರ ಜನ್ಮಸ್ಥಳ. ಅವರು 1739ರ ಫೆಬ್ರವರಿ 15ರಂದು ಜನಿಸಿದರೆಂಬುದು ಬಂಜಾರ ಸಮುದಾಯದ ನಂಬಿಕೆ. ಪ್ರತಿವರ್ಷ ಅವರ ಜಯಂತಿಯ ಸಮಯದಲ್ಲಿ ನಾಡಿನ ಮೂಲೆಮೂಲೆಗಳಿಂದ ಭಕ್ತರು ಅಲ್ಲಿ ಸೇರುತ್ತಾರೆ. ರೈಲು ಬರುವುದಕ್ಕೆ ಮುನ್ನ ಭಾರತದ ಸರಕು ಸಾಗಣೆಯ ಬಹುಭಾಗ ಬಂಜಾರರ ಹೇರೆತ್ತುಗಳ ಬೆನ್ನ ಮೇಲಿತ್ತು. 1791ರಲ್ಲಿ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೇನೆಗೆ ಧಾನ್ಯ ಒದಗಿಸಿದವರಲ್ಲಿ ಇವರು ಮುಖ್ಯರು. ಧಾನ್ಯದಂತೆಯೇ ಇವರ ಮತ್ತೊಂದು ಸರಕು ಉಪ್ಪು. ‘ಲವಣ’ ಎಂಬ ಮಾತಿನಿಂದಲೇ ಲಂಬಾಣಿ, ಲಮಾಣಿ ಎಂಬ ಹೆಸರುಗಳು ಬಂದವೆಂದು ಹೇಳುವವರೂ ಇದ್ದಾರೆ. ಕಡಲತೀರದ ಉಪ್ಪು ಒಳನಾಡಿನ ಅಡಿಗೆಮನೆಗಳನ್ನು ತಲಪಿದ್ದು ಇಂತಹವರ ಶ್ರಮದಿಂದ.

ಆದರೆ ಆ ಉಪ್ಪು ರುಚಿಯನ್ನು ತಂದಿತೇ ಹೊರತು ಗಳಗಂಡವನ್ನು ತಡೆಯಲಾರದಾಗಿತ್ತು. ಥೈರಾಯಿಡ್ ಗ್ರಂಥಿ ತನ್ನ ರಸವನ್ನು ತಯಾರಿಸಲು ಅಯೋಡಿನ್ ಎಂಬ ಮೂಲವಸ್ತು ಅವಶ್ಯ. ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಇದನ್ನು 1811ರಲ್ಲಿ ಕಡಲ ಸಸ್ಯಗಳ ಬೂದಿಯಲ್ಲಿ ಕಂಡುಹಿಡಿದ. ಕಡಲ ಸಸ್ಯಗಳಲ್ಲಿ ಧಾರಾಳವಾಗಿರುವ ಅಯೋಡಿನ್, ಕಡಲ ನೀರನ್ನು ಬಿಸಿಲಿಗೆ ಆರಿಸಿ ತೆಗೆದ ಉಪ್ಪಿನಲ್ಲಿ ಮಾತ್ರ ಅತ್ಯಲ್ಪವಾಗಿ ಉಳಿಯುತ್ತದೆ. ಇತ್ತ ಶತಶತಮಾನಗಳ ಮಳೆ ಬೆಟ್ಟದ ಮಣ್ಣಿನಲ್ಲಿದ್ದ ಅಯೋಡಿನ್ನನ್ನು ತೊಳೆದು ಹೊಳೆಗೆ ಸೇರಿಸುತ್ತದೆ. ಅಂತಹ ಮಣ್ಣಿನಲ್ಲಿ ಬೆಳೆದ ಪೈರಿಗೂ ಅದನ್ನುಂಡ ಜನರಿಗೂ ಕೊರತೆ ತಪ್ಪದು. ಹಿಮಾಲಯದ ತಪ್ಪಲಿನಂತೆ ನಮ್ಮ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳೂ ಗಳಗಂಡದ ನೆಲೆಗಳೆಂದು ಸಮೀಕ್ಷೆಗಳಲ್ಲಿ ಗುರುತಿಸಲ್ಪಟ್ಟುದಕ್ಕೆ ಇದೇ ಹಿನ್ನೆಲೆ.

ಕತ್ತಿನ ಬಾವು ಕಣ್ಣಿಗೆ ಕಾಣುವಂಥದು. ಸುಶ್ರುತ ಸಂಹಿತೆಯಲ್ಲಿಯೇ ಗಳಗಂಡದ ವರ್ಣನೆಯುಂಟು. ಕತ್ತಿಗೂ ಬುದ್ಧಿಗೂ ಇರುವ ನಂಟು ಸ್ಪಷ್ಟವಾದದ್ದು ಮಾತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್, ಪ್ರೌಢ ಸ್ತ್ರೀಯರಲ್ಲಿ ಮುಖ ಉಬ್ಬಿ, ಮಾತು ತಡವರಿಸಿ, ಮನಸ್ಸು ಜಡವಾಗುವ ಒಂದು ರೋಗವನ್ನು ವರ್ಣಿಸಿದ. ಐದು ವರ್ಷಗಳ ಅನಂತರ ವಿಲಿಯಂ ಆರ್ಡ್ ಅದಕ್ಕೆ ಮಿಕ್ಸಿಡೀಮ ಎಂದು ಹೆಸರಿಟ್ಟ. ಇದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ಥಿಯೊಡೋರ್ ಕೊಖರ್ ಗಳಗಂಡಗಳನ್ನು ಕುಶಲತೆಯಿಂದ ಕತ್ತರಿಸಿ ತೆಗೆಯುತ್ತಿದ್ದ. 1874ರಲ್ಲಿ ಅವನು ಗ್ರಂಥಿಯನ್ನು ಸಂಪೂರ್ಣವಾಗಿ ತೆಗೆದಿದ್ದ ಒಬ್ಬ ಬಾಲಕಿ ಬರಬರುತ್ತಾ ಬೆಳವಣಿಗೆ ಕುಂಠಿತಳಾಗಿ, ಬುದ್ಧಿ ಮಂದಳಾದಳೆಂಬುದು ಆಮೇಲೆ ತಿಳಿಯಿತು. ತನ್ನ ಹಳೆಯ ರೋಗಿಗಳನ್ನು ಮರಳಿ ಕರೆಸಿ ನೋಡಿದಾಗ, ಗ್ರಂಥಿಯನ್ನು ಪೂರ್ತಿ ಕಳೆದುಕೊಂಡವರಲ್ಲಿ ಬಹುಪಾಲು ಜನರಿಗೆ ಅದೇ ಗತಿ ಒದಗಿತ್ತು. 1883ರಲ್ಲಿ ಕೊಖರ್ ಇದನ್ನು ಮುಚ್ಚಿಡದೆ ಪ್ರಕಟಿಸಿದ. 1909ರಲ್ಲಿ ನೊಬೆಲ್ ಪ್ರಶಸ್ತಿ ಅವನಿಗೆ ಸಂದಿತು. 1888ರಲ್ಲಿ ಲಂಡನ್ನಿನ ಕ್ಲಿನಿಕಲ್ ಸೊಸೈಟಿ ನೂರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿ ನೋಡಿದಾಗ, ಅವರಲ್ಲಿ ಅರ್ಧದಷ್ಟು ಮಂದಿಗೆ ಭ್ರಮೆಗಳಂತಹ ಮನೋವಿಕಾರಗಳಿದ್ದುವು. ಗ್ರಂಥಿ ಸೊರಗಿದರೆ ಮನಸ್ಸೂ ಸೊರಗುವುದೆಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಪರಿಹಾರವೂ ಬಲು ಬೇಗ ದೊರೆಯಿತು. 1891ರಲ್ಲಿ ನ್ಯೂಕಾಸಲ್ ನಗರದ ಜಾರ್ಜ್ ಮರ್ರೆ ಎಂಬ ತರುಣ ವೈದ್ಯ ಕುರಿಯ ಥೈರಾಯಿಡ್ಡಿನ ಸಾರವನ್ನು 46 ವರ್ಷದ ರೋಗಿಯೊಬ್ಬಳಿಗೆ ಚುಚ್ಚಿದ. ಜಡಳಾಗಿದ್ದ ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದಳು. ಅಷ್ಟು ಕಾಲದಲ್ಲಿ ಅವಳಿಗಾಗಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬಳಕೆಯಾದುವಂತೆ! 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಲ್ ಥೈರಾಕ್ಸಿನ್ನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ. 1927ರ ಹೊತ್ತಿಗೆ ಚಾರ್ಲ್ಸ್ ಹ್ಯಾರಿಂಗ್ಟನ್ ಮತ್ತು ಜಾರ್ಜ್ ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಆದರೂ ಮಾನಸಿಕ ರೋಗಿಗಳೆನಿಸಿಕೊಂಡವರ ನಡುವೆ ಇಂತಹವರು ಗುರುತು ಸಿಗದೆ ಉಳಿಯುತ್ತಿದ್ದರು. 1949ರಲ್ಲಿ ರಿಚರ್ಡ್ ಆಶರ್ ಅಂತಹ 14 ಮಂದಿಯ ವೃತ್ತಾಂತವನ್ನು ಬರೆದು ವೈದ್ಯಲೋಕವನ್ನು ಎಚ್ಚರಿಸಿದ. ಅವರಲ್ಲಿ ಹೆಚ್ಚಿನವರು ಗ್ರಂಥಿರಸದ ಚಿಕಿತ್ಸೆಯಿಂದ ಮನಸ್ಸಿನ ಸ್ವಾಸ್ಥ್ಯವನ್ನು ಮರಳಿ ಪಡೆದಿದ್ದರು.

ಇಲ್ಲಿ ಒಂದು ಭೇದವನ್ನು ಮನಗಾಣಬೇಕು. ಬೆಳೆದ ಮಿದುಳಿಗೆ ಥೈರಾಯಿಡ್ ರಸ ಕಡಮೆಯಾದರೆ ಅದು ಎಣ್ಣೆ ತೀರುತ್ತಿರುವ ದೀಪದಂತೆ ಮಂಕಾಗುತ್ತದೆ. ಸಕಾಲದಲ್ಲಿ ಎಣ್ಣೆ ಹೊಯ್ದರೆ ಬಹುಮಟ್ಟಿಗೆ ಮತ್ತೆ ಬೆಳಗುತ್ತದೆ. ಗರ್ಭದಲ್ಲೂ ಶೈಶವದಲ್ಲೂ ಹಾಗಲ್ಲ. ಆಗ ಮಿದುಳಿನ ಜೀವಕೋಶಗಳು ತಮ್ಮ ತಮ್ಮ ನೆಲೆಗೆ ಸರಿದು ಪರಸ್ಪರ ಹೆಣೆದುಕೊಳ್ಳುವುದೇ ಈ ರಸದ ನೆರವಿನಿಂದ. ಆ ಗಳಿಗೆ ತಪ್ಪಿದರೆ ಆಮೇಲೆ ಎಷ್ಟು ಔಷಧ ಕೊಟ್ಟರೂ ನಷ್ಟ ತುಂಬಿಬಾರದು. ಆದ್ದರಿಂದ ಪ್ರೌಢರ ವಿಷಯದಲ್ಲಿ ಗುಳಿಗೆ ಮಾಡಿದ ಕೆಲಸವನ್ನು, ಹುಟ್ಟಲಿರುವ ಮಕ್ಕಳ ವಿಷಯದಲ್ಲಿ ಉಪ್ಪು ಮಾಡಬೇಕಾಯಿತು. ಸ್ವಿಟ್ಜರ್ಲೆಂಡ್ 1922ರಲ್ಲಿಯೂ ಅಮೆರಿಕದ ಮಿಚಿಗನ್ 1924ರಲ್ಲಿಯೂ ಅಯೋಡಿನ್ ಬೆರೆಸಿದ ಉಪ್ಪನ್ನು ಬಳಕೆಗೆ ತಂದುವು.

ನಮ್ಮ ದೇಶದಲ್ಲಿ ರಾಬರ್ಟ್ ಮೆಕ್ಯಾರಿಸನ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಗಿಲ್ಗಿಟ್, ಚಿತ್ರಾಲ್ ಕಣಿವೆಗಳಲ್ಲಿ ಗಳಗಂಡವನ್ನೂ ಅದರೊಡನೆ ಬರುವ ಕಿವುಡು, ಮೂಕತನ, ಮಂದಮತಿಗಳನ್ನೂ ಪರಿಶೀಲಿಸಿದ್ದ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಾಂಗ್ಡಾ ಕಣಿವೆಯಲ್ಲಿ ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಸಾಮಾನ್ಯ ಉಪ್ಪನ್ನೂ ಒದಗಿಸಿದರು. ಮೊದಲಿನ ಎರಡರಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು, ಮೂರನೆಯದರಲ್ಲಿ ಇಳಿಯಲಿಲ್ಲ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1992ರಲ್ಲಿ ಅದರ ಹೆಸರು ಅಯೋಡಿನ್ ಕೊರತೆಯ ಎಲ್ಲ ದೋಷಗಳನ್ನೂ ಒಳಗೊಳ್ಳುವಂತೆ ಬದಲಾದುದು ಅರ್ಥಪೂರ್ಣ. ಕತ್ತಿನ ಬಾವಿಗಿಂತ ಬುದ್ಧಿಯ ನಷ್ಟ ದೊಡ್ಡದೆಂದು ಆ ವೇಳೆಗೆ ಮನವರಿಕೆಯಾಗಿತ್ತು. ತೀವ್ರ ಕೊರತೆಯ ಪ್ರದೇಶಗಳಲ್ಲಿ ಮಕ್ಕಳ ಬುದ್ಧಿಮಾಪನಾಂಕ ಸರಾಸರಿ 13ಕ್ಕೂ ಹೆಚ್ಚು ಅಂಶ ತಗ್ಗಬಹುದೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಅಯೋಡಿನ್‌ರಹಿತ ಉಪ್ಪನ್ನು ತಿನ್ನಲು ಮಾರುವುದನ್ನು 1997ರಲ್ಲಿ ದೇಶದಾದ್ಯಂತ ನಿಷೇಧಿಸಲಾಯಿತು. 2000ದಲ್ಲಿ ಆ ನಿಷೇಧ ತೆರವಾಗಿ, 2006ರಲ್ಲಿ ಮತ್ತೆ ಜಾರಿಗೆ ಬಂತು.

ಉಪ್ಪಿನಿಂದ ಎಲ್ಲವೂ ಮುಗಿಯಿತೆಂದು ಭಾವಿಸಬಾರದು. ಜಪಾನಿನ ಹಕಾರು ಹಾಶಿಮೊಟೊ 1912ರಲ್ಲಿ ವರ್ಣಿಸಿದ ರೋಗದಲ್ಲಿ ದೇಹದ ರಕ್ಷಣಾಶಕ್ತಿಯೇ ತನ್ನ ಗ್ರಂಥಿಯನ್ನು ನಾಶಮಾಡುತ್ತದೆ. ಇದು ಸ್ತ್ರೀಯರಲ್ಲಿ ಬಹಳ ಹೆಚ್ಚು. ಕೆಲವು ಶಿಶುಗಳು ಗ್ರಂಥಿಯ ದೋಷದೊಡನೆಯೇ ಹುಟ್ಟುತ್ತವೆ; ಹುಟ್ಟಿದಾಗ ನೋಡಿದರೆ ತಿಳಿಯದು, ಹಿಮ್ಮಡಿಯಿಂದ ತೆಗೆದ ಒಂದು ತೊಟ್ಟು ರಕ್ತದ ಪರೀಕ್ಷೆಯಿಂದ ತಿಳಿಯುತ್ತದೆ. ಮೊದಲ ಎರಡು ವಾರಗಳೊಳಗೆ ಚಿಕಿತ್ಸೆ ಆರಂಭಿಸಿದರೆ ಆ ಮಗು ಎಲ್ಲರಂತೆ ಕಲಿತು ಬೆಳೆಯಬಲ್ಲುದು. ಮರೆವಿನ ಹಿರಿಯರಿಗೂ ಈ ರಕ್ತಪರೀಕ್ಷೆ ಅಗತ್ಯ. ಆದರೆ ಎಲ್ಲ ಮರೆವಿಗೂ ಥೈರಾಯಿಡ್ಡೇ ಕಾರಣವಲ್ಲ. ಕೊರತೆ ತೀರ ಅಲ್ಪವಾಗಿರುವ 65 ದಾಟಿದವರಿಗೆ ಗುಳಿಗೆಯಿಂದ ಹೇಳಿಕೊಳ್ಳುವಂತಹ ಲಾಭವಿಲ್ಲವೆಂದು 2017ರಲ್ಲಿ ಪ್ರಕಟವಾದ ಯೂರೋಪಿನ ಪ್ರಯೋಗವೊಂದು ತೋರಿಸಿದೆ. ಆದ್ದರಿಂದ ನಿರ್ಣಯ ವೈದ್ಯರದಾಗಲಿ.

ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ಸಾಸಿವೆಕಾಳಿಗಿಂತಲೂ ಎಷ್ಟೋ ಪಾಲು ಕಡಮೆಯಾದ ಈ ವಸ್ತುವಿಗೂ ಮಗುವಿನ ಪಾಠಶಾಲೆಗೂ ಸಂಬಂಧವಿದೆಯೆಂದು ನಮ್ಮ ಹಿರಿಯರು ಅರಿಯುವಂತಿರಲಿಲ್ಲ, ನಾವು ಅರಿತಿದ್ದೇವೆ. ಸಂತೆಯ ಮೂಟೆಯಲ್ಲಿ ಬಿಡಿಯಾಗಿ ದೊರೆಯುವ ಹರಳುಪ್ಪು ಅಗ್ಗವಾಗಿರಬಹುದು; ಅಯೋಡಿನ್ ಬೆರೆತಿದೆಯೇ ಎಂದು ಕೇಳಿ ಕೊಳ್ಳುವುದು, ತಂದದ್ದನ್ನು ತೇವವೂ ಬಿಸಿಲೂ ತಾಗದಂತೆ ಮುಚ್ಚಿಡುವುದು ಗೃಹಿಣಿಯೊಬ್ಬಳ ಕೆಲಸವಷ್ಟೇ ಆಗದೆ ಮನೆಯವರೆಲ್ಲರ ಎಚ್ಚರವಾಗಬೇಕು. ಉಪ್ಪು ಹೊತ್ತವರ ವಂಶಜರು ಇಂದಿಗೂ ವರ್ಷಕ್ಕೊಮ್ಮೆ ಸೇರುವ ಆ ಕೊಪ್ಪದಲ್ಲಿ, ಬಸುರಿ ಹೆಣ್ಣುಮಕ್ಕಳಿಗೂ ಬಾಣಂತಿಯರಿಗೂ ಈ ಮಾತನ್ನು ಅವರದೇ ಗೋರ್ ಬೋಲಿಯಲ್ಲಿ ತಿಳಿಯಹೇಳುವವರು ಇದ್ದರೆ, ಆ ಹಳೆಯ ವ್ಯಾಪಾರಕ್ಕೆ ಅದಕ್ಕಿಂತ ಉಚಿತವಾದ ಮುಂದುವರಿಕೆ ಬೇರೊಂದಿಲ್ಲವೆಂದು ನಾನು ಭಾವಿಸುತ್ತೇನೆ.