ಕಪ್ಪು ಐಕಾನಿಗೆ ಬಣ್ಣ ಬಂದ ಬಗೆ

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಊರಿನ ಪ್ರೆಸ್ಸುಗಳಲ್ಲಿ ಗಣಪತಿಯ ಬ್ಲಾಕೊಂದು ಇದ್ದೇ ಇರುತ್ತಿತ್ತು. ಮರದ ತುಂಡಿನ ಮೇಲೆ ಕೂರಿಸಿದ ಲೋಹದ ತಗಡು, ಅದರಲ್ಲಿ ಹೆಬ್ಬೆರಳುದ್ದದ ಗಣಪ. ಲಗ್ನಪತ್ರಿಕೆಯಲ್ಲಿ ಅವನು ಕೆಂಪಾಗಿ ಬರಬೇಕೆಂದರೆ ಟ್ರೆಡಲ್ ಯಂತ್ರದ ತಟ್ಟೆಯ ಮೇಲಿದ್ದ ಕಪ್ಪು ಶಾಯಿಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ರೋಲರು ತೊಳೆದು, ಕೆಂಪು ಶಾಯಿ ಸವರಬೇಕು. ಒರೆಸಿದ್ದು ಸಾಲದಿದ್ದರೆ ಮೊದಮೊದಲ ಪತ್ರಿಕೆಗಳಲ್ಲಿ ಗಣಪ ಕಂದಾಗಿಬಿಡುತ್ತಿದ್ದ. ಕೈ ಕೊಳೆಯಾಗುವ ಕೆಲಸ, ಆದರೆ ಲೆಕ್ಕ ಸರಳ. ಆಕಾರ ಬ್ಲಾಕಿನಲ್ಲಿ, ಬಣ್ಣ ಶಾಯಿಯಲ್ಲಿ. ಒಂದನ್ನು ಮುಟ್ಟದೆ ಇನ್ನೊಂದನ್ನು ಬದಲಿಸಬಹುದಿತ್ತು.

ಇವತ್ತು ಪವರ್‌ಪಾಯಿಂಟಿನಲ್ಲಿ ಐಕಾನ್ ಮೇಲೆ ಕ್ಲಿಕ್ ಮಾಡಿ, ‘ಗ್ರಾಫಿಕ್ಸ್ ಫಿಲ್’ ತೆರೆದು ಬಣ್ಣ ಆರಿಸುವವರು ಮಾಡುವುದೂ ಇದನ್ನೇ. ಆದರೆ ಕಂಪ್ಯೂಟರು ಈ ಸರಳ ಲೆಕ್ಕಕ್ಕೆ ಬರಲು ಮೂರು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ನಡುವೆ ಆಕಾರವೂ ಬಣ್ಣವೂ ಹಾಲು ನೀರಿನಂತೆ ಬೆರೆತುಹೋಗಿದ್ದವು.

ಚಿತ್ರಗುರುತುಗಳ ಬಣ್ಣದ ಬಗ್ಗೆ ಶಿಸ್ತಾಗಿ ತಲೆಕೆಡಿಸಿಕೊಂಡವರು ಕಂಪ್ಯೂಟರಿಗಿಂತ ಮುಂಚೆಯೇ ಇದ್ದರು. 1925ರಲ್ಲಿ ಆಟೊ ನ್ಯೂರಾತ್ ವಿಯೆನ್ನಾದಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಯ ವಸ್ತುಸಂಗ್ರಹಾಲಯ ತೆರೆದರು. ಓದು ಬಾರದವರಿಗೂ ಅಂಕಿಅಂಶ ಅರ್ಥವಾಗಬೇಕು ಎಂಬುದು ಅವರ ಹಂಬಲ. ದೊಡ್ಡ ಸಂಖ್ಯೆ ತೋರಿಸಲು ದೊಡ್ಡ ಮನುಷ್ಯನನ್ನು ಬರೆಯಬಾರದು, ಒಂದೇ ಅಳತೆಯ ಮನುಷ್ಯರನ್ನು ಸಾಲಾಗಿ ನಿಲ್ಲಿಸಬೇಕು ಎಂದು ನಿಯಮ ಮಾಡಿಕೊಂಡರು. ಮೊದಲು ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸುತ್ತಿದ್ದರು. ಆಮೇಲೆ ಕಲಾವಿದ ಗೆರ್ಡ್ ಆರ್ನ್ಟ್ಸ್ ಬಂದು ಲಿನೋಲಿಯಂ ಹಾಳೆಯಲ್ಲಿ ಅಚ್ಚು ಕೆತ್ತತೊಡಗಿದರು. ಒಮ್ಮೆ ಕೆತ್ತಿದ ಕಾರ್ಮಿಕನನ್ನು ಕೆಂಪಿನಲ್ಲೂ ಒತ್ತಬಹುದು, ನೀಲಿಯಲ್ಲೂ ಒತ್ತಬಹುದು. ಹೀಗೆ ಆರ್ನ್ಟ್ಸ್ ರೂಪಿಸಿದ ಗುರುತುಗಳು ಸುಮಾರು 4000. 1934ರಲ್ಲಿ ತಂಡ ವಿಯೆನ್ನಾ ಬಿಟ್ಟು ನೆದರ್ಲೆಂಡ್ಸಿಗೆ ಹೋಯಿತು; ಅಲ್ಲಿಂದ ಈ ಪದ್ಧತಿಗೆ ‘ಐಸೊಟೈಪ್’ ಎಂಬ ಹೆಸರಾಯಿತು. ಅವರು ಬಳಸುತ್ತಿದ್ದ ಬಣ್ಣ ಏಳೇ ಏಳು, ಅದರಲ್ಲಿ ಕಪ್ಪು ಬಿಳುಪೂ ಸೇರಿದ್ದವು. ಬಣ್ಣ ಅವರಿಗೆ ಅಲಂಕಾರವಲ್ಲ, ಮಾತು.

ಬಣ್ಣದ ಮೇಲೆ ಪೂರ್ತಿ ಭಾರ ಹಾಕಿದರೆ ಏನಾಗುತ್ತದೆಂದು ನೋಡಲು ನಮ್ಮ ಬಿಸ್ಕತ್ತಿನ ಪೊಟ್ಟಣವೇ ಸಾಕು. ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಇರುತ್ತಿತ್ತು. ಆಕಾರ ಮಾತ್ರ ಎರಡಕ್ಕೂ ಒಂದೇ ಆಗಿತ್ತು. ಹಸಿರು ಯಾವುದು, ಕಂದು ಯಾವುದು ಎಂದು ತಿಳಿಯದ ವರ್ಣಾಂಧರಿಗೆ ಎರಡೂ ಒಂದೇ ಚುಕ್ಕೆಯಾಗಿದ್ದವು. ಕೊನೆಗೆ 2020ರ ಲೇಬಲ್ ನಿಯಮಾವಳಿಯಲ್ಲಿ ಕಂದು ಚುಕ್ಕೆ ಕಂದು ತ್ರಿಕೋನವಾಯಿತು.

ಕಂಪ್ಯೂಟರ್ ತೆರೆಯ ಮೇಲಿನ ಗುರುತಿಗೆ ‘ಐಕಾನ್’ ಎಂಬ ಮಾತು ಬಂದದ್ದು ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್ ಅವರ 1975ರ ಪಿಎಚ್‌ಡಿ ಪ್ರಬಂಧದಿಂದ. ಅವರೂ ಕೈಜೋಡಿಸಿದ ಜೆರಾಕ್ಸ್ ಸ್ಟಾರ್ ಯಂತ್ರ 1981ರಲ್ಲಿ ಮಾರುಕಟ್ಟೆಗೆ ಬಂತು. ತೆರೆ ಕಪ್ಪು-ಬಿಳುಪು. 1984ರ ಮ್ಯಾಕಿಂಟಾಷ್ ಕೂಡ ಅಷ್ಟೇ. ಅದರ ಐಕಾನುಗಳನ್ನು ಬರೆದ ಸೂಸನ್ ಕೇರ್ ಮೊದಲು ಹಿಡಿದದ್ದು ಮೌಸನ್ನಲ್ಲ, ಅಂಗಡಿಯಲ್ಲಿ ಸಿಗುವ ಗ್ರಾಫ್ ಪುಸ್ತಕವನ್ನು. ಅಡ್ಡಕ್ಕೆ 32 ಮನೆ, ಉದ್ದಕ್ಕೆ 32 ಮನೆ, ಒಟ್ಟು 1024. ಪ್ರತಿ ಮನೆಯೂ ಒಂದೋ ಕಪ್ಪು ಇಲ್ಲವೇ ಬಿಳುಪು. ಎಳೆ ಎಣಿಸಿ ಸೀರೆಯ ಸೆರಗಿನಲ್ಲಿ ಗೋಪುರ, ತೇರು ಎಬ್ಬಿಸುವ ಧಾರವಾಡದ ಕಸೂತಿಯವರಿಗೆ ಈ ಕೆಲಸ ಹೊಸದೆನಿಸುತ್ತಿರಲಿಲ್ಲ. ಐಕಾನನ್ನು ಒತ್ತಿದರೆ ಕಪ್ಪೆಲ್ಲ ಬಿಳುಪಾಗಿ, ಬಿಳುಪೆಲ್ಲ ಕಪ್ಪಾಗುತ್ತಿತ್ತು. ಆ ತೆರೆಯಲ್ಲಿ ಬಣ್ಣ ಬದಲಿಸುವುದು ಎಂದರೆ ಇಷ್ಟೇ.

ಆದರೂ ಅದೇ ಮ್ಯಾಕಿಂಟಾಷ್ ಜತೆ ಬಂದ ಬಿಲ್ ಅಟ್ಕಿನ್ಸನ್ ಅವರ ಮ್ಯಾಕ್‌ಪೇಂಟ್‌ನಲ್ಲಿ ಬಣ್ಣ ಸುರಿಯುವ ಡಬ್ಬಿಯೊಂದಿತ್ತು. ಸುರಿಯಲು ಬಣ್ಣವಿಲ್ಲ, ಚುಕ್ಕೆ, ಗೀಟು, ಇಟ್ಟಿಗೆ ಸಾಲಿನಂಥ ವಿನ್ಯಾಸಗಳಿದ್ದವು. ಗೆರೆಯ ಒಳಗೆ ಸುರಿದರೆ ಒಳಗೆಲ್ಲ ತುಂಬಿಕೊಳ್ಳುತ್ತದೆ. ಗೆರೆಯಲ್ಲಿ ಒಂದೇ ಒಂದು ಚುಕ್ಕೆ ಬಿಟ್ಟುಹೋಗಿದ್ದರೆ, ಬದು ಒಡೆದ ಗದ್ದೆಯ ನೀರಿನಂತೆ ಹೊರಗೆ ಹರಿದು ಇಡೀ ಹಾಳೆ ತುಂಬುತ್ತದೆ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ವಿಂಡೋಸ್ ಪೇಂಟ್ ಆಡಿದ ಮಕ್ಕಳಿಗೆಲ್ಲ ಈ ಅನುಭವ ಆಗಿದೆ.

1990ರ ಮೇ ತಿಂಗಳಲ್ಲಿ ವಿಂಡೋಸ್ 3.0 ಬಂತು, ಐಕಾನಿಗೆ 16 ಬಣ್ಣ ಸಿಕ್ಕವು. ಅದರ ಅನೇಕ ಐಕಾನುಗಳನ್ನು ಬರೆದವರೂ ಸೂಸನ್ ಕೇರ್. ಕಣ್ಣಿಗೆ ಹಬ್ಬವೇನೋ ಸರಿ, ಆದರೆ ಎಡವಟ್ಟು ಆದದ್ದೂ ಇಲ್ಲೇ. 1024 ಮನೆಗಳಲ್ಲಿ ಪ್ರತಿಯೊಂದೂ ತನ್ನ ಬಣ್ಣವನ್ನು ತಾನೇ ಹೊತ್ತುಕೊಂಡಿತು. ಇದು ಕಡತಕೋಶದ ಆಕಾರ, ಇದು ಅದರ ಹಳದಿ ಎಂದು ಬೇರೆ ಮಾಡುವ ದಾರಿಯೇ ಉಳಿಯಲಿಲ್ಲ. ಹಳದಿ ಕೋಶವನ್ನು ಹಸಿರು ಮಾಡಬೇಕೆ? ಹಳದಿ ಮನೆಗಳನ್ನೆಲ್ಲ ಹುಡುಕಿ ಹಸಿರು ತುಂಬಬೇಕು.

ತೆರೆಗಳು ಸುಧಾರಿಸಿದಷ್ಟೂ ಈ ಕಷ್ಟ ಹೆಚ್ಚಿತು. ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣದಿರಲೆಂದು ಕಪ್ಪಿಗೂ ಬಿಳುಪಿಗೂ ನಡುವೆ ಬೂದು ಚುಕ್ಕೆಗಳನ್ನು ಸೇರಿಸತೊಡಗಿದರು. ದೂರದಿಂದ ನೋಡಿದರೆ ನಯ. ಆದರೆ ಫೋಟೊಶಾಪಿನ ಮ್ಯಾಜಿಕ್ ವಾಂಡ್ ಹಿಡಿದು ಕಪ್ಪನ್ನು ಆರಿಸಿ ಕೆಂಪು ತುಂಬಿದವರಿಗೆ ಗೊತ್ತು, ಬೂದು ಚುಕ್ಕೆಗಳು ಹಾಗೇ ಉಳಿದು ಕೆಂಪು ಐಕಾನಿನ ಸುತ್ತ ಕೊಳೆ ಹಿಡಿದಂತೆ ಕಾಣುತ್ತವೆ. ಆ ಸಾಧನಕ್ಕೆ ‘ಟಾಲರೆನ್ಸ್’ ಎಂಬ ಅಳತೆಯಿದೆ. ಸೊನ್ನೆಯಿಂದ 255ರವರೆಗೆ, ತಾನಾಗಿ ಇರುವುದು 32. ಹೆಚ್ಚಿಸಿದರೆ ಬೂದು ಚುಕ್ಕೆಗಳೂ ಸಿಗುತ್ತವೆ, ಜತೆಗೆ ಬೇಡದ್ದೂ ಬಲೆಗೆ ಬೀಳುತ್ತದೆ. ಬಿಳಿ ಹಿನ್ನೆಲೆಗೆಂದು ಮಾಡಿದ ಐಕಾನನ್ನು ಕಡುನೀಲಿ ಸ್ಲೈಡಿನ ಮೇಲೆ ಇಟ್ಟಾಗ ಸುತ್ತಲೂ ಕಾಣುವ ಬಿಳಿ ಅಂಚಿಗೂ ಇದೇ ಕಾರಣ.

ಸ್ಲೈಡ್ ಎಂದರೆ ಪವರ್‌ಪಾಯಿಂಟ್ ಎನ್ನುವಂತಾಗಿರುವ ಈ ತಂತ್ರಾಂಶವೂ ಹುಟ್ಟಿದ್ದು ಬಣ್ಣವಿಲ್ಲದೆಯೇ. ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿದ್ದುಕೊಂಡು ಇದನ್ನು ಕಟ್ಟಿದರು. ಮೊದಲಿಗೆ ‘ಪ್ರೆಸೆಂಟರ್’ ಎಂದಿತ್ತು ಹೆಸರು. 1987ರ ಏಪ್ರಿಲ್‌ನಲ್ಲಿ ಮ್ಯಾಕಿಂಟಾಷ್‌ಗಾಗಿ ಹೊರಬಂದಾಗ ಅದು ಮಾಡುತ್ತಿದ್ದದ್ದು ಓವರ್‌ಹೆಡ್ ಪ್ರೊಜೆಕ್ಟರಿಗೆ ಬೇಕಾದ ಕಪ್ಪು-ಬಿಳುಪು ಹಾಳೆಗಳನ್ನು. ಅದೇ ವರ್ಷ ಮೈಕ್ರೊಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡಿತು, 1988ರ ಎರಡನೆಯ ಆವೃತ್ತಿಯಲ್ಲಿ ಬಣ್ಣ ಬಂತು. ಆಮೇಲಿನ ಆವೃತ್ತಿಗಳಲ್ಲಿ ಪ್ರತಿ ಪ್ರಸ್ತುತಿಗೂ ಎಂಟು ಬಣ್ಣಗಳ ಪಟ್ಟಿ ಇರುತ್ತಿತ್ತು. 2007ರಲ್ಲಿ ಅದು ಹನ್ನೆರಡಾಯಿತು. ಜಾಣತನ ಇರುವುದು ಈ ಪಟ್ಟಿಯಲ್ಲಿ. ಚೌಕಕ್ಕೆ ಹಚ್ಚುವುದು ‘ನೀಲಿ’ಯನ್ನಲ್ಲ, ಪಟ್ಟಿಯ ಐದನೆಯ ಬಣ್ಣವನ್ನು. ಪಟ್ಟಿ ಬದಲಿಸಿದರೆ ಸಾಕು, ಅರವತ್ತು ಸ್ಲೈಡಿನ ಚೌಕಗಳೆಲ್ಲ ಒಟ್ಟಿಗೆ ಬಣ್ಣ ಬದಲಿಸುತ್ತವೆ. ತಟ್ಟೆಯ ಶಾಯಿ ಬದಲಿಸಿದ ಹಾಗೆ.

ಪಟ್ಟಿಯ ಮಾತು ಕೇಳದೆ ಹೊರಗೆ ಉಳಿದವು ಚಿತ್ರಗಳು ಮಾತ್ರ. ಅವುಗಳಿಗೆ ಮದ್ದು ಬಂದದ್ದು ಬೇರೆ ಓಣಿಯಿಂದ. 1987ರಲ್ಲಿ ಅಡೋಬಿ ಇಲಸ್ಟ್ರೇಟರ್, 1989ರಲ್ಲಿ ಕೆನಡಾದ ಕೋರೆಲ್‌ಡ್ರಾ ಬಂದವು. ಇವು ಚುಕ್ಕೆಗಳ ಲೆಕ್ಕ ಇಡುವುದಿಲ್ಲ. ಗೆರೆ ಎಲ್ಲಿಂದ ಹೊರಟು ಎಲ್ಲಿ ಬಾಗುತ್ತದೆ ಎಂದು ಬರೆದಿಟ್ಟುಕೊಂಡು, ಅದರೊಳಗೆ ಯಾವ ಬಣ್ಣ ಎಂಬುದನ್ನು ಪ್ರತ್ಯೇಕವಾಗಿ ನೆನಪಿಡುತ್ತವೆ. ಕರ್ನಾಟಕದ ಡಿಟಿಪಿ ಅಂಗಡಿಗಳು ಕೋರೆಲ್‌ಗೆ ಮನಸೋತದ್ದು ಸುಮ್ಮನೆ ಅಲ್ಲ. ತೆರೆಯ ಬಲ ಅಂಚಿನಲ್ಲಿ ಬಣ್ಣದ ಚೌಕಗಳ ಸಾಲು. ಎಡ ಗುಂಡಿ ಒತ್ತಿದರೆ ಒಳಬಣ್ಣ, ಬಲ ಗುಂಡಿ ಒತ್ತಿದರೆ ಅಂಚಿನ ಬಣ್ಣ. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಹುಡುಗಿಯ ಸೋದರಮಾವ “ಗಣಪತಿ ಸ್ವಲ್ಪ ಕುಂಕುಮದ ಬಣ್ಣ ಬರ್ಲಿ” ಎಂದರೆ ಆಪರೇಟರ್ ಕಂಟ್ರೋಲ್-ಯು ಒತ್ತಿ ಗುಂಪು ಬಿಡಿಸಿ, ಎರಡು ಕ್ಲಿಕ್ಕಿನಲ್ಲಿ ತೋರಿಸಿಬಿಡುತ್ತಿದ್ದ. ಸೀಮೆಎಣ್ಣೆ ಬಟ್ಟೆಯ ಕಾಲ ಮುಗಿದಿತ್ತು.

ಪವರ್‌ಪಾಯಿಂಟಿನಲ್ಲೂ ಸ್ವಲ್ಪ ಕಾಲ ಇಂಥ ಸುಖವಿತ್ತು. ಕ್ಲಿಪ್ ಆರ್ಟ್ ಚಿತ್ರ ಆರಿಸಿ ‘ರೀಕಲರ್ ಪಿಕ್ಚರ್’ ಒತ್ತಿದರೆ ಎಡಗಡೆ ಚಿತ್ರದ ಈಗಿನ ಬಣ್ಣಗಳು, ಬಲಗಡೆ ಬೇಕಾದ ಬಣ್ಣಗಳು ಸಾಲಾಗಿ ನಿಲ್ಲುತ್ತಿದ್ದವು. ಕೋಟು ನೀಲಿ ಇದ್ದರೆ ಹಸಿರು ಮಾಡಿ, ಟೈ ಹಾಗೇ ಬಿಡಬಹುದು. 2007ರ ಆವೃತ್ತಿಯಲ್ಲಿ ಇದನ್ನು ತೆಗೆದುಹಾಕಿದರು! ‘ರೀಕಲರ್’ ಎಂಬ ಹೆಸರು ಉಳಿಯಿತು, ಆದರೆ ಅದು ಇಡೀ ಚಿತ್ರವನ್ನು ಒಂದೇ ಬಣ್ಣದ ನೀರಿನಲ್ಲಿ ಅದ್ದಿ ತೆಗೆದಂತೆ ಮಾಡುತ್ತಿತ್ತು. ಹೊಸ ಆವೃತ್ತಿ ಎಂದರೆ ಎಲ್ಲವೂ ಮುಂದಕ್ಕೇ ಹೋಗಬೇಕು ಎಂದೇನೂ ಇಲ್ಲವಲ್ಲ. 2014ರ ಕೊನೆಗೆ ಮೈಕ್ರೊಸಾಫ್ಟ್ ತನ್ನ ಕ್ಲಿಪ್ ಆರ್ಟ್ ಭಂಡಾರವನ್ನೇ ಮುಚ್ಚಿತು.

ಈ ನಡುವೆ ಕಿಲಾಡಿಗಳು ಕಂಡುಕೊಂಡ ಒಳದಾರಿ ಎಂದರೆ ಫಾಂಟು. ಹರ್ಮನ್ ಜ಼ಾಫ್ 1978ರಲ್ಲಿ ಕತ್ತರಿ, ಪೆನ್ನು, ನಕ್ಷತ್ರಗಳ ಫಾಂಟೊಂದನ್ನು ರೂಪಿಸಿದ್ದರು. ವಿಂಡೋಸಿನ ವಿಂಗ್‌ಡಿಂಗ್ಸ್ ಅದೇ ಜಾತಿಯದು. ಅದರಲ್ಲಿ ಇಂಗ್ಲಿಷಿನ ದೊಡ್ಡ ‘ಜೆ’ ಒತ್ತಿದರೆ ನಗುಮುಖ ಮೂಡುತ್ತದೆ. ಕಂಪ್ಯೂಟರಿಗೆ ಅದು ಅಕ್ಷರವೇ, ಹಾಗಾಗಿ ಅಕ್ಷರದ ಬಣ್ಣ ಬದಲಿಸಿದರೆ ಅದೂ ಬದಲಾಗುತ್ತದೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶ ಬಳಸಿದ ಕನ್ನಡಿಗರಿಗೆ ಈ ಉಪಾಯ ಚೆನ್ನಾಗಿ ಗೊತ್ತು. ಒಳಗಿನ ಸಂಕೇತ ಇಂಗ್ಲಿಷಿನದು, ಹೊರಗಿನ ರೂಪ ಕನ್ನಡದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡ ಹೋಗಿ ಯಾವುದೋ ಚಿಹ್ನೆಗಳ ಸಂತೆ ಎದುರಾಗುತ್ತಿತ್ತು. ವಿಂಗ್‌ಡಿಂಗ್ಸ್ ಇಲ್ಲದ ಕಡೆ ನಗುಮುಖವೂ ಬರೀ ‘ಜೆ’ ಆಗುತ್ತಿತ್ತು. 2012ರಲ್ಲಿ ಬಂದ ಫಾಂಟ್ ಆಸಮ್, ವೆಬ್ ಪುಟಗಳಿಗೆ ಇದೇ ಉಪಾಯವನ್ನು ಮತ್ತೆ ತಂದುಕೊಟ್ಟಿತು.

ನೇರ ದಾರಿಯ ಹೆಸರು ಎಸ್‌ವಿಜಿ, ವೆಬ್‌ಗಾಗಿ ಗೆರೆಗಳನ್ನೂ ಬಣ್ಣವನ್ನೂ ಬರೆದಿಡುವ ಕಡತದ ಬಗೆ. 1998ರಲ್ಲಿ ಅಡೋಬಿಯ ಕಡೆಯವರದು ಒಂದು ಪ್ರಸ್ತಾವ, ಮೈಕ್ರೊಸಾಫ್ಟ್ ಕಡೆಯವರದು ಇನ್ನೊಂದು. ಎರಡನ್ನೂ ನೋಡಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಮೂರನೆಯದೊಂದನ್ನು ರೂಪಿಸಿ 2001ರ ಸೆಪ್ಟೆಂಬರಿನಲ್ಲಿ ಮಾನಕವಾಗಿ ಪ್ರಕಟಿಸಿತು. ಎಸ್‌ವಿಜಿ ಕಡತವನ್ನು ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ಗೆರೆಗಳೆಲ್ಲ ಅಕ್ಷರ-ಅಂಕಿಗಳ ಉದ್ದ ಸಾಲಾಗಿ ಕಾಣುತ್ತವೆ. ಪಕ್ಕದಲ್ಲಿ ‘ಫಿಲ್’ ಎಂಬ ಪದ, ಅದರ ಮುಂದೆ ಬಣ್ಣದ ಸಂಕೇತ. ಕಪ್ಪಿಗೆ ಆರು ಸೊನ್ನೆ. ಮೊದಲ ಎರಡು ಸೊನ್ನೆಗಳನ್ನು ಅಳಿಸಿ ಎರಡು ‘ಎಫ್’ ಬರೆದು ಸೇವ್ ಮಾಡಿದರೆ ಐಕಾನ್ ಕೆಂಪು. ಫಿಲ್ ಏನೆಂದು ಹೇಳದೇ ಬಿಟ್ಟರೆ ಕಪ್ಪೆಂದೇ ತಿಳಿಯಬೇಕು ಎಂಬುದು ಎಸ್‌ವಿಜಿಯ ನಿಯಮ. ಇಳಿಸಿಕೊಂಡ ಐಕಾನುಗಳು ಸಾಮಾನ್ಯವಾಗಿ ಕಪ್ಪಾಗಿರುವುದರ ಹಿಂದೆ ಇದೂ ಒಂದು ಕಾರಣ.

ಮಾನಕ ಬಂದ ಮಾತ್ರಕ್ಕೆ ಕೆಲಸವಾಗಲಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ಒಪ್ಪಿಕೊಂಡದ್ದು ಹತ್ತು ವರ್ಷ ಬಿಟ್ಟು, 2011ರಲ್ಲಿ. ಪವರ್‌ಪಾಯಿಂಟಿನ ಇನ್ಸರ್ಟ್ ಪಟ್ಟಿಯಲ್ಲಿ ‘ಐಕಾನ್ಸ್’ ಕಾಣಿಸಿಕೊಂಡದ್ದು ಅದಕ್ಕೂ ಐದಾರು ವರ್ಷ ತಡವಾಗಿ. ಆಗ ಐಕಾನೂ ಬಣ್ಣದ ಪಟ್ಟಿಯ ಮಾತು ಕೇಳತೊಡಗಿತು.

ಅತ್ತ ಎಮೋಜಿಗಳದು ಇನ್ನೊಂದು ದಾರಿ. ಇಂದಿನ ಫೋನುಗಳಲ್ಲಿ ಅವು ಬಣ್ಣವನ್ನು ಮೈಗೂಡಿಸಿಕೊಂಡೇ ಇರುತ್ತವೆ. ಒಂದೇ ಬಣ್ಣದ ಕೈ ಎಲ್ಲರ ಕೈಯಾಗುವುದೇ ಎಂಬ ಪ್ರಶ್ನೆ ಎದ್ದಾಗ, 2015ರ ಯೂನಿಕೋಡ್ 8.0ರಲ್ಲಿ ಐದು ಮೈಬಣ್ಣದ ಸಂಕೇತಗಳನ್ನು ಸೇರಿಸಿದರು. ಕೈಯ ಸಂಕೇತದ ಬೆನ್ನಿಗೇ ಬಣ್ಣದ ಸಂಕೇತ ಇಟ್ಟರೆ ಎರಡೂ ಕೂಡಿ ಒಂದಾಗಿ ಕಾಣುತ್ತವೆ, ವ್ಯಂಜನಕ್ಕೆ ಗುಣಿತ ಹತ್ತಿದ ಹಾಗೆ. ಈ ಐದು ಛಾಯೆಗಳನ್ನು ಆರಿಸಿದ್ದು ಚರ್ಮವೈದ್ಯರು ಬಳಸುವ ಫಿಟ್ಜ್‌ಪ್ಯಾಟ್ರಿಕ್ ಮಾಪಕದಿಂದ.

ಇಷ್ಟಾದರೂ ಪವರ್‌ಪಾಯಿಂಟಿನ ಗ್ರಾಫಿಕ್ಸ್ ಫಿಲ್ ಇಡೀ ಐಕಾನಿಗೆ ಒಂದೇ ಬಣ್ಣ ಬಳಿಯುತ್ತದೆ. ಗಣಪನ ಮೈ ಅರಿಶಿನ, ಕಿರೀಟ ಕೆಂಪು, ಕಾಲಬಳಿಯ ಇಲಿ ಕಪ್ಪು ಆಗಬೇಕೆಂದರೆ ‘ಕನ್ವರ್ಟ್ ಟು ಶೇಪ್’ ಒತ್ತಿ ಬಿಡಿ ಬಿಡಿ ಭಾಗಗಳಾಗಿ ಒಡೆದುಕೊಂಡು ಒಂದೊಂದಕ್ಕೂ ಬಣ್ಣ ತುಂಬಬೇಕು. ಅಪ್ಪಿತಪ್ಪಿ ಮೌಸ್ ಎಳೆದರೆ ಸೊಂಡಿಲೊಂದೇ ಕೈಗೆ ಬರುತ್ತದೆ. ಹಳೆಯ ಪ್ರೆಸ್ಸಿನಲ್ಲೂ ಮೂರು ಬಣ್ಣದ ಗಣಪನಿಗೆ ಮೂರು ಬ್ಲಾಕು ಬೇಕಿತ್ತು, ಒಂದೇ ಕಾಗದ ಮೂರು ಸಲ ಯಂತ್ರದ ಬಾಯಿಗೆ ಹೋಗಬೇಕಿತ್ತು. ಕಾಗದ ಕೊಡುವ ಹುಡುಗನ ಕೈ ಕೂದಲೆಳೆಯಷ್ಟು ಸರಿದರೆ ಕಿರೀಟ ತಲೆ ಬಿಟ್ಟು ಕಿವಿಯ ಮೇಲೆ ಕೂರುತ್ತಿತ್ತು.